ಹುಲುಸಾದ ಮೂಲೆ

ಊಟದ ಮೇಜು,
ಜುಲೈ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಹೊಲ ಸುತ್ತಿ ಸುತ್ತಿ ಒಡೆದ ಹಿಮ್ಮಡಿ ವಾಸಿಯಾಯಿತೇ? ಕೇಳಬೇಕಾದ್ದನ್ನೆಲ್ಲ ಕೇಳಲಾಗಿದೆ ಎಂದು ದಾಖಲಿಸಿಕೊಳ್ಳತಕ್ಕದ್ದು. ಇನ್ನು ಜಗಳಕ್ಕೆ ಬರುತ್ತೇನೆ.

ನಿನ್ನ ಕಳೆದ ಕಾಗದ ಮೂರು ಪುಟ. ಅದರಲ್ಲಿ ಎರಡೂವರೆ ಪುಟ ಆ ರೈತನ ಮಗಳದ್ದೇ. ನಿಮ್ಮ ಯೋಜನೆಯವರು ಹಂಚಿದ ಬೀಜದಿಂದ ಇಳುವರಿ ನಿಜಕ್ಕೂ ಏರಿದೆಯೋ ಅಂತ ನೀನು ಹೊಲದಲ್ಲಿ ಮರದ ಚೌಕಟ್ಟು ಇಟ್ಟು, ಅದರೊಳಗಿನ ಪೈರು ಕೊಯ್ದು ತೂಗುತ್ತೀಯ. ಎಲ್ಲಿಡಬೇಕೆಂದು ಚೀಟಿ ಎತ್ತುತ್ತೀಯ. ನೀನು ನೀರು ಕುಡಿದು ಬರುವಷ್ಟರಲ್ಲಿ ಅವಳಪ್ಪ ಚೌಕಟ್ಟನ್ನು ಹುಲುಸಾದ ಮೂಲೆಗೆ ಸರಿಸಿದನಂತೆ. ತೂಕ ಕಮ್ಮಿ ಬಂದರೆ ಮುಂದಿನ ವರ್ಷ ಬೀಜ ಸಿಗುವುದಿಲ್ಲವೇನೋ ಅನ್ನೋ ಹೆದರಿಕೆ, ಪಾಪ. ಆ ಸತ್ಯಸಂಧೆ ಓಡಿ ಬಂದು ನಿನ್ನ ಕಿವಿಯಲ್ಲಿ ಊದಿದಳಂತೆ. "ಇಂಥ ತಂಗಿ ಸಿಗಲು ಪುಣ್ಯ ಮಾಡಿರಬೇಕು" ಎಂದು ಬರೆದಿದ್ದೀಯ. ಆ ಸಾಲಿಗೆ ಕೆಂಪು ಗೆರೆ ಎಳೆದು ಸಾಕ್ಷ್ಯವಾಗಿ ಇಟ್ಟುಕೊಂಡಿದ್ದೇನೆ. ಹಳೇ ತಂಗಿ ಹಳಸಿದಳೇ? ಸಾಲದ್ದಕ್ಕೆ ಅವಳಿಗೆ ನಿನ್ನ ನೀಲಿ ಟೋಪಿ ಬೇರೆ. ಅದನ್ನು ಕದಿಯಲು ನಾಲ್ಕು ವರ್ಷದಿಂದ ಹೊಂಚು ಹಾಕಿದವಳು ನಾನು. ಹೌದು, ಹೊಟ್ಟೆ ಉರಿಯುತ್ತಿದೆ. ಬೇಕಾದರೆ ಬಂದು ಅಳೆದುಕೋ.

ಇನ್ನೊಂದು ಆಕ್ಷೇಪಣೆ. ಒಬ್ಬೊಬ್ಬ ರೈತನಿಗೆ ನಲವತ್ತೆರಡು ಪ್ರಶ್ನೆ ಕೇಳುತ್ತೀಯ. ನಮಗೆ ಫೋನಿನಲ್ಲಿ ಒಂದೇ: "ಎಲ್ಲ ಚೆನ್ನಾಗಿದ್ದೀರಾ?" ನಾವು "ಹ್ಞೂಂ" ಅಂದರೆ ಸಮೀಕ್ಷೆ ಮುಗಿಯಿತು. ಇಂಥ ವರದಿ ಆ ಹೊಲದಿಂದ ಬಂದಿದ್ದರೆ ನೀನು ಹರಿದು ಬಿಸಾಡುತ್ತಿದ್ದೆ ತಾನೇ?

ಅಮ್ಮನ ಆಶೀರ್ವಾದಗಳು. ನನ್ನ ಮುನಿಸು ಪ್ರತ್ಯೇಕ.

ಇಂತಿ,
ನಿನ್ನ ಅಸಲಿ ತಂಗಿ
(ನಕಲಿಗಳಿಂದ ಎಚ್ಚರ)

ತಾ.ಕ.: ಅಮ್ಮ ಹಿತ್ತಲಿನಿಂದ ಬರುವುದರೊಳಗೆ ಬರೆದುಬಿಡುತ್ತೇನೆ. ಫೋನು ಮಾಡಿದಾಗ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ. ನಾನೂ ಚೌಕಟ್ಟು ಸರಿಸಿದ್ದೇನೆ ಅಕ್ಕಾ. ತಿಂಗಳ ಹಿಂದೆ ಅಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಈಗ ಕೋಲಿಲ್ಲದೆ ನಾಲ್ಕು ಹೆಜ್ಜೆ ಆಗುವುದಿಲ್ಲ. ನೀನು ವಿಡಿಯೋ ಕರೆ ಮಾಡಿದಾಗ ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮುಖಕ್ಕೆ ಒಳ್ಳೇ ಬೆಳಕು, ಕೋಲು ಬಾಗಿಲ ಹಿಂದೆ. ಫೋನು ಹಿಡಿಯುವವಳು ನಾನೇ. ಹೇಳಿದರೆ ನಿನ್ನ ಕೆಲಸ ಕೆಡುತ್ತದೆಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾಳೆ. ಆ ಹುಡುಗಿ ಅಪ್ಪನನ್ನೇ ಬಿಟ್ಟುಕೊಟ್ಟಳಲ್ಲ, ನಾನೇನು ಅವಳಿಗಿಂತ ಕಮ್ಮಿಯೇ? ಬಾ. ಬರುವ ದಿನ ಮಾತ್ರ ತಿಳಿಸಬೇಡ. ತಿಳಿಸಿದರೆ ನೀನು ಬಂದಾಗಲೂ ಕೋಲು ಬಾಗಿಲ ಹಿಂದೆಯೇ ಇರುತ್ತದೆ.