ಇಟಲಿಯ ಕೆಂಪು, ಜಪಾನಿನ ಬಿಳಿ

ಬಸವಕಲ್ಯಾಣ
11 ಫೆಬ್ರುವರಿ 2025

ಪ್ರೀತಿಯ ಅಣ್ಣಾ, ಜೈ ಭೀಮ್.

ನಿನ್ನ ಬೆನ್ನುನೋವು ಈಗ ಹೇಗಿದೆ? ಕೊಚ್ಚಿಯ ಹಡಗುಕಟ್ಟೆಯಲ್ಲಿ ದಿನವಿಡೀ ಬಗ್ಗಿ ವೆಲ್ಡಿಂಗ್ ಮಾಡುವವನು ಮಲಗುವಾಗಲಾದರೂ ನೆಟ್ಟಗೆ ಮಲಗು. ಅವ್ವ ಚೆನ್ನಾಗಿದ್ದಾಳೆ. ನಿನಗೆ ಅಲ್ಲಿ ರೊಟ್ಟಿ ಸಿಗುವುದಿಲ್ಲವೆಂದು ಬಹಳ ದಿನ ಕೆಡದ ಒಣ ಕಟಿರೊಟ್ಟಿ ಮಾಡಿ ಕಟ್ಟಿಟ್ಟಿದ್ದಾಳೆ.

ಭಾನುವಾರ ನಡೆದದ್ದನ್ನು ನಿನಗೆ ಹೇಳಲೇಬೇಕು. ಮುಂಬೈಯಿಂದ ಹೈದರಾಬಾದಿಗೆ ಎರಡು ಹಳೆಯ ಸ್ಪೋರ್ಟ್ಸ್ ಕಾರು ಹೊರಟಿದ್ದವು. ಕೆಂಪಗಿದ್ದದ್ದು ಇಟಲಿಯದು, ಬಿಳಿಯದು ಜಪಾನಿನದು. ಅರವತ್ತು ವರ್ಷದ ಹಿಂದಿನವು, ಅಂಥವು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆಯಂತೆ. ಮನ್ನಾಏಖೇಳ್ಳಿಯ ಹತ್ತಿರ ರಸ್ತೆಯ ಉಬ್ಬಿಗೆ ಕೆಂಪು ಕಾರಿನ ತಳ ಬಡಿದು, ಎಂಜಿನ್ ಎಣ್ಣೆಯ ಚೇಂಬರ್ ಬಿರಿಯಿತು. ಅಲ್ಯುಮಿನಿಯಂ ಬೆಸೆಯುವವರು ಬೇರೆ ಸಿಗದೆ, ನಾನು ಕೆಲಸ ಮಾಡುವ ಹುಮನಾಬಾದಿನ ವೆಲ್ಡಿಂಗ್ ಶೆಡ್ಡಿಗೇ ಲಾರಿಯಲ್ಲಿ ತಂದರು. ಬಿಳಿ ಕಾರು ಹಿಂದೆಯೇ ಬಂತು.

ಚೇಂಬರ್ ಬಿಚ್ಚುವವರೆಗೆ ಎರಡನ್ನೂ ಮುಟ್ಟಿ ಮುಟ್ಟಿ ನೋಡಿದೆ. ಇಟಲಿಯದರ ಬಾಗಿಲಿನ ಒಳಮೈಯಲ್ಲಿ ಸುತ್ತಿಗೆಯ ಪೆಟ್ಟಿನ ಗುಳಿಗಳು ಬೆರಳಿಗೆ ಸಿಕ್ಕವು. ಯಾರೋ ಕಣ್ಣಳತೆಯಲ್ಲೇ ತಗಡು ಬಡಿದು ಆ ಬಳುಕು ತಂದಿದ್ದಾರೆ; ಎಡಬಾಗಿಲು ಬಲದ್ದಕ್ಕಿಂತ ಕೂದಲೆಳೆಯಷ್ಟು ಉದ್ದ! ಜಪಾನಿನದರಲ್ಲಿ ಬೆಸುಗೆ ಎಲ್ಲಿದೆಯೆಂದು ಹುಡುಕಿ ಸೋತೆ. ಯಾರೂ ಇಣುಕದ ಜಾಗದಲ್ಲೂ ಬೋಲ್ಟಿನ ತಲೆಗಳು ಒಂದೇ ದಿಕ್ಕಿಗಿದ್ದವು. ಬಿಳಿ ಕಾರಿನ ಮುಂದೆ ನನ್ನ ಕೆಲಸದ ಬಗ್ಗೆ ನಾಚಿಕೆಯಾಯಿತು, ಕೆಂಪಿನ ಮುಂದೆ ಸ್ವಲ್ಪ ಧೈರ್ಯ ಬಂತು.

ಕಾರುಗಳ ಜೊತೆಗಿದ್ದ ರಿಪೇರಿ ಮೇಸ್ತ್ರಿ ಅಜೀಮುದ್ದೀನ್ ಚಾಚಾ ಮೂಲತಃ ಹುಮನಾಬಾದಿನವರೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇದು ಕೆಟ್ರ ಬ್ಯಾರೆ ಸಿಗಂಗಿಲ್ಲ ಬೇಟಿ. ಕೈ ನಡಗಾಕತ್ತಿದ್ರ ಈಗಾ ಹೇಳು” ಅಂದರು. “ನಡಗಾಕತ್ತದ್ರಿ ಚಾಚಾ. ವೆಲ್ಡಿಂಗ್ ಟಾರ್ಚ್ ಹಿಡದ ಮ್ಯಾಲ ನಡಗಂಗಿಲ್ರಿ” ಅಂದೆ.

ಅರವತ್ತು ವರ್ಷ ಎಣ್ಣೆ ಕುಡಿದ ಲೋಹ, ಕಾಯಿಸಿದಷ್ಟೂ ಕರಿ ಬೆವರು. ನಾಲ್ಕು ಸಲ ಕಾಯಿಸಿ ಒರೆಸಿದ ಮೇಲೆ ಒಳಮೂಲೆಯಲ್ಲಿ ಉಳಿಯಿಂದ ಕೊರೆದ ಎರಡು ಅಕ್ಷರ ಕಂಡವು. ಚೇಂಬರನ್ನು ಎರಕ ಹೊಯ್ದ ಕೂಲಿಯವನ ಹೆಸರಿನ ಮೊದಲಕ್ಷರಗಳಿರಬೇಕು. ಎಣ್ಣೆಯೊಳಗೆ ಮುಳುಗುವ ಜಾಗ, ಯಾರು ನೋಡುತ್ತಾರೆಂದು ಕೊರೆದನೋ! ಅಕ್ಷರಗಳಿಗೆ ಬಿಸಿ ತಾಗದಂತೆ ಬೆಸೆಯಲು ಎರಡು ತಾಸು ಹಿಡಿಯಿತು. ಸೋರುತ್ತದೋ ನೋಡಲು ಚಾಚಾ ಹೊರಗೆ ಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ತುಂಬಿ ಕಾದರು. ಸುಣ್ಣ ಒಣಗಿಯೇ ಇತ್ತು, ಒಂದು ಹನಿಯೂ ಸೋರಿರಲಿಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಸಂಜೆ ಎರಡೂ ಕಾರು ಹೊರಟಾಗ ಇಡೀ ರಸ್ತೆ ನಿಂತು ನೋಡಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಗೆಳೆಯರಿಗೆಲ್ಲ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಪ್ರಣಿತಾ

ತಾ.ಕ.: ಚಾಚಾ ನಿನ್ನೆ ಫೋನ್ ಮಾಡಿದ್ದರು. ಹೈದರಾಬಾದಿನ ಅವರ ವರ್ಕ್‌ಶಾಪಿನಲ್ಲಿ ನನಗೆ ಕೆಲಸವಿದೆ. ಮಾರ್ಚ್ ಒಂದಕ್ಕೆ ಬರುತ್ತೇನೆಂದು ಹೇಳಿಬಿಟ್ಟೆ. ಹುಲಸೂರದ ಹುಡುಗನ ಮನೆಯವರು ಈ ತಿಂಗಳ ಇಪ್ಪತ್ಮೂರಕ್ಕೆ ನನ್ನನ್ನು ನೋಡಲು ಬರುತ್ತಾರೆ, ನಾನು ಹೈದರಾಬಾದಿಗೆ ಹೋಗುವುದು ಅವ್ವನಿಗೆ ಇನ್ನೂ ಗೊತ್ತಿಲ್ಲ. ಅವಳ ಕಿವಿಗೆ ಬೀಳದಿರಲೆಂದೇ ಫೋನಿನಲ್ಲಿ ಹೇಳದೆ ಕಾಗದ ಬರೆದೆ. ಅಷ್ಟರೊಳಗೆ ನೀನೇ ಅವಳಿಗೆ ಹೇಳು ಅಣ್ಣಾ. ನಿನ್ನಿಂದ ಆಗದಿದ್ದರೆ ನಾನೇ ಹೇಳುತ್ತೇನೆ. ಹೋಗುವುದಂತೂ ಹೋಗುತ್ತೇನೆ.