ಮರಗಟ್ಟಿದ ಎಡಮಗ್ಗುಲು

ಪೋರೂರು ಆಸ್ಪತ್ರೆಯಿಂದ

ಕುಂದಾಪುರದ ಸಮಸ್ತ ಮಹಾಜನರ ಪರವಾಗಿ ಇದನ್ನು ಓದುತ್ತಿರುವ ವಾರಿಜಕ್ಕನಿಗೆ,

ಸಭಿಕರೇ, ಇವತ್ತು ಬೆಳಿಗ್ಗೆ ಗಡ್ಡೆಯೊಂದಿಗೆ ಎಡ ಸ್ತನವೂ ಹೋಯಿತು, ಪ್ರಾಸದ ಚಟ ಮಾತ್ರ ಉಳಿಯಿತು. ಪಕ್ಕೆಯ ನರಗಳು ಮರಗಟ್ಟಲು ಮದ್ದು ಚುಚ್ಚಿದ್ದಾರೆ. ನಾಳೆಯವರೆಗೆ ನೋವೂ ಇಲ್ಲ, ಕಾವೂ ಇಲ್ಲ. ಮಗಳು ನಿಖಿತಾ "ವಲಿಕ್ಕುದಾಮ್ಮಾ?" ಎಂದು ತಮಿಳಿನಲ್ಲೇ ಕೇಳಿದಳು. ನೋವಿಲ್ಲವೆಂದೆ, ನಕ್ಕಳು. ಇವರು, "ನೋವಿಲ್ಲ ಅಲ್ದಾ? ಹಂಗಾರೆ ನಮ್ ಹೋಟ್ಲಿಗೆ ಹೋಯಿ ಬತ್ತೆ, ಸಂಜೆ ತಿಂಡಿಗೆ ಗಿರಾಕಿ ಬಪ್ಪ ಹೊತ್ತು" ಎಂದು ಹೊರಟೇಬಿಟ್ಟರು.

ನೀನು ಬರುವಾಗ ಮುಂದೆ ಗುಂಡಿಯಿರುವ ಹತ್ತಿಯ ರವಿಕೆ ತಾ, ಕೈ ಎತ್ತುವಂತಿಲ್ಲ. ಈ ಪತ್ರದ ಫೋಟೊವನ್ನು ನಿಖಿತಾ ಕಳಿಸುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ಅಕ್ಕ, ನೋವಿದ್ದಿದ್ದರೆ ಅದರ ನೆವದಲ್ಲಾದರೂ ಅಳುತ್ತಿದ್ದೆ. ನನಗೆ ಅಳಬೇಕು. ಬೇಗ ಬಾ.

ನಿನ್ನ ತಂಗಿ,
ವಿಮಲಾ