ಒದ್ದೆ ಚಾದರದ ಇನ್ನೊಂದು ತುದಿ

ನಮ್ಮ ಕೆಮ್ಮುಗುಬ್ಬಿಯ ಅಮ್ಮನಿಗೆ,

ಈ ಕಾಗದವನ್ನು ಹೊರಗೇ ಕೊಡವಿ ಓದುತ್ತಿದ್ದೀಯ ತಾನೆ? ಲಕೋಟೆಯ ಮೇಲೆ ಹಾಗೆಂದೇ ಬರೆದಿದ್ದೆ.

ಮತ್ತೆ ಧೂಳಿನ ಬಿರುಗಾಳಿ ಬಂತು. ಮಗಳನ್ನು ಧೂಳಿಲ್ಲದ ಊರಿಗೆ ಕಳಿಸಿ ಎಂದರಲ್ಲ, ಅದೇ ಡಾಕ್ಟರ ಕೆಂಪು ಕಾರಿಗೆ ಆಗಷ್ಟೇ ಬಣ್ಣ ಹೊಡೆದು ಮುಗಿಸಿದ್ದೆ. ಶೆಡ್ಡಿನ ಬಾಗಿಲಿಗೆ ಒದ್ದೆ ಚಾದರವನ್ನೂ ಕಟ್ಟಿದ್ದೆ. ನೀನು ಹಿಡಿಯುತ್ತಿದ್ದ ತುದಿಯನ್ನು ಈಗ ಮೊಳೆಗೆ ಸಿಕ್ಕಿಸುತ್ತೇನೆ. ಅದು ಕಳಚಿಕೊಂಡಿತು. ಹಸಿ ಬಣ್ಣದ ತುಂಬ ಮರಳು. ಡಾಕ್ಟರು ಬೆರಳಾಡಿಸಿ ನೋಡಿ, "ಇದೇನಪ್ಪಾ, ಕಾರೋ ಉಪ್ಪುಕಾಗದವೋ?" ಅಂದರು. ಇಬ್ಬರೂ ನಕ್ಕೆವು.

ಎಲ್ಲ ಉಜ್ಜಿ ತೆಗೆದು ಮತ್ತೆ ಹೊಡೆಯಬೇಕು, ಬಣ್ಣದ ಖರ್ಚೂ ನನ್ನ ಕೈಯಿಂದಲೇ. ಎರಡು ಮನೆ ನಡೆಸುವವನಿಗೆ ಕೆಲಸವೂ ಎರಡೆರಡು ಸಲ. ಹಾಗಾಗಿ ಈ ತಿಂಗಳು ನಿಮ್ಮನ್ನು ನೋಡಲು ಬರುವುದಕ್ಕಾಗುವುದಿಲ್ಲ.

ಮಗಳು ಕೆಮ್ಮದೆ ಮಲಗುತ್ತಾಳಾ? ಆಗುವುದಾದರೆ ಒಂದು ದಪ್ಪ ಚಾದರ ಕಳಿಸು, ಇಲ್ಲಿಯವೆಲ್ಲ ಹರಿದಿವೆ. ನೀನು ಹೊದೆಯುತ್ತಿದ್ದದ್ದು ಇದೆ, ಅದನ್ನು ನೀರಿಗೆ ಅದ್ದಲು ಮನಸ್ಸು ಬರುವುದಿಲ್ಲ.

"ಗಾಳಿ ನಿಂತಿದೆ, ಇಬ್ಬರೂ ಬಂದುಬಿಡಿ" ಎಂದು ಬರೆಯಲೆಂದೇ ಕೂತಿದ್ದೆ. ಮೊದಲ ಅಕ್ಷರಕ್ಕೇ ಪೆನ್ನಿನ ಕೆಳಗೆ ಕಾಗದ ಕರಕರ ಎಂದಿತು.

ಒಂದೇ ತುದಿ ಹಿಡಿದು ನಿಂತಿರುವ,
ನಿನ್ನವನು